ಕೆಜಿಗೆ ಎಷ್ಟು ಬಿತ್ತು?

ಇವತ್ತು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಅರ್ಧ ಸುತ್ತು ಹಾಕುವಷ್ಟರಲ್ಲಿ ಮೂವರು ತಡೆದು ನಿಲ್ಲಿಸಿದರು. ಮೊದಲನೆಯವರು “ಕೋವಿ ತಗೊಂಡ್ರಾ ಸಾರ್?” ಅಂದರು. ಎರಡನೆಯವರು “ಅದ್ರಲ್ಲಿ ಹಂದಿ ಹೊಡೀಬಹುದಾ?” ಅಂದರು. ಮೂರನೆಯವರು ಕೇಳಿದ್ದನ್ನು ಆಮೇಲೆ ಹೇಳುತ್ತೇನೆ, ಇನ್ನೂ ಉರಿ ಇಳಿದಿಲ್ಲ.

ನಾನಾಗಿ ಯಾರಿಗೂ ಹೇಳಿದವನಲ್ಲ. ಲೈಸೆನ್ಸಿಗೆ ಅರ್ಜಿ ಹಾಕಿದ್ದೆ, ವಿಚಾರಣೆಗೆ ಬಂದ ಪೊಲೀಸರು ಎದುರುಮನೆ ಆಂಟಿಯನ್ನು “ಇವರು ಕೋಪಿಷ್ಠರಾ?” ಅಂತ ಕೇಳಿ ಹೋದರು. ಅಷ್ಟೇ ಸಾಕಾಯಿತು. ನಮ್ಮ ಗೇಟಿಗೆ ಅಡ್ಡ ಬೈಕ್ ನಿಲ್ಲಿಸುತ್ತಿದ್ದ ಹುಡುಗ ಈಗ ಎರಡು ಮನೆ ಆಚೆ ನಿಲ್ಲಿಸುತ್ತಾನೆ. ಹೂವಿನವಳ ಮೊಳ ಉದ್ದವಾಗಿದೆ. ಕೋವಿ ಬರುವ ಮೊದಲೇ ಇಷ್ಟು ಲಾಭ.

ಆದರೆ ಕೋವಿ ಮಾತ್ರ ಬಂದಿಲ್ಲ. ಲೈಸೆನ್ಸ್ ಕೈಗೆ ಬಂದಿದೆ, ಇಂತಿಷ್ಟು ದಿನದೊಳಗೆ ಕೊಂಡು ತೋರಿಸಬೇಕು, ದಿನ ಓಡುತ್ತಿದೆ. ನಾನಿನ್ನೂ ‘ಬೆಲೆಯೋ ಗುರಿಯೋ’ ಅಂತ ಲೆಕ್ಕ ಹಾಕುತ್ತಾ ಕೂತಿದ್ದೇನೆ.

ಈ ಗುರಿ ಹೊಡೆಯುವ ಹುಚ್ಚು ಹತ್ತಿದ್ದು 2024ರಲ್ಲಿ. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ನಲ್ಲಿ, ಅಂದರೆ ಮಂಡಿಯೂರಿ, ಮಲಗಿ, ನಿಂತು ಹೊಡೆಯುವುದರಲ್ಲಿ, ಸ್ವಪ್ನಿಲ್ ಕುಸಾಳೆ ಕಂಚು ಗೆದ್ದರು. ಅವರು ಆಗ ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಅಂತ ಪೇಪರಿನಲ್ಲಿ ಓದಿದೆ. ಟಿಕೆಟ್ ಕಲೆಕ್ಟರ್ ಕೈಲಾಗುವುದು ನನ್ನಂಥ ಬ್ಯಾಂಕ್ ಗುಮಾಸ್ತನ ಕೈಲಾಗದೇ ಅನ್ನಿಸಿತು. ಅವರ ವಯಸ್ಸು ಇಪ್ಪತ್ತೊಂಬತ್ತರ ಆಸುಪಾಸು ಅನ್ನುವುದನ್ನು ಓದಿಯೂ ಮರೆತೆ.

ನನಗೆ ಬೇಕಾಗಿರುವುದು ಪಾಯಿಂಟ್ ಟೂಟೂ, ಅಂದರೆ ಸುಮಾರು 0.22 ಇಂಚು ನಳಿಗೆಯ, ಬೋಲ್ಟ್ ಆ್ಯಕ್ಷನ್ ರೈಫಲ್. ಹಳೇ ಮನೆಯ ಬಾಗಿಲ ಚಿಲಕ ನೋಡಿದ್ದೀರಲ್ಲ, ಅದೇ ಥರ. ಎತ್ತಿ ಹಿಂದಕ್ಕೆ ಎಳೆಯಬೇಕು, ತೋಟಾ ಇಟ್ಟು ಮುಂದಕ್ಕೆ ತಳ್ಳಿ ಮಡಚಬೇಕು. ತೋಟಾದ ಕಿಡಿಮದ್ದು ನಡುವೆ ಇರುವುದಿಲ್ಲ, ಬುಡದ ಅಂಚಿನೊಳಗೆ ಸುತ್ತಲೂ ಇರುತ್ತದೆ. ಅದಕ್ಕೇ ರಿಮ್‌ಫೈರ್ ಅನ್ನುವುದು. ಒಮ್ಮೆ ಹೊಡೆದರೆ ಅಂಚು ಜಜ್ಜಿಹೋಗುತ್ತದೆ, ಖಾಲಿ ಚಿಪ್ಪಿಗೆ ಮತ್ತೆ ಮದ್ದು ತುಂಬುವ ಹಾಗಿಲ್ಲ. ಗುಂಡಿನ ತೂಕ ಎರಡೂವರೆ ಗ್ರಾಂ ಚಿಲ್ಲರೆ. ಹಂದಿಗೆ ಇದು ಸೊಳ್ಳೆ ಕಡಿತ, ಮೇಲೆ ನನಗೆ ಕೇಸು. ಕೆರೆ ಏರಿಯಲ್ಲಿ ಇಷ್ಟೆಲ್ಲ ಹೇಳಲು ಪುರುಸೊತ್ತು ಯಾರಿಗಿದೆ?

ಕೋವಿ ಅಂಗಡಿಗೆ ಒಬ್ಬನೇ ಹೋಗಿದ್ದರೆ ಚೆನ್ನಾಗಿತ್ತು. ಭಾವನನ್ನು ಕರೆದುಕೊಂಡು ಹೋದೆ.

ಭಾವ ಅಂದರೆ ನಮ್ಮಕ್ಕನ ಯಜಮಾನರು. ಮದ್ದೂರಿನ ಕಡೆ ಆಲೆಮನೆ ಇದೆ. ಮೂವತ್ತು ವರ್ಷದಿಂದ ಕಬ್ಬು, ಬೆಲ್ಲ ತೂಗಿ ತೂಗಿ ಅವರಿಗೆ ಪ್ರಪಂಚವೆಲ್ಲ ಕೆಜಿ ಲೆಕ್ಕದಲ್ಲೇ ಕಾಣುತ್ತದೆ. ನನ್ನ ಮಗಳು ಲ್ಯಾಪ್‌ಟಾಪ್ ಕೊಂಡಾಗ ಎತ್ತಿ ನೋಡಿ “ಕೆಜಿಗೆ ನಲವತ್ತು ಸಾವಿರ ಬಿತ್ತು ಕಣವ್ವ” ಅಂದಿದ್ದರು. ಮದುವೆ ಊಟಕ್ಕೆ ಕೂತರೆ ಎಲೆಗೆ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ, ಇವರು ಹೋಳಿಗೆಯನ್ನು ಅಂಗೈ ಮೇಲಿಟ್ಟು ಕುಲುಕಿ ನೋಡುತ್ತಾರೆ. ಜೇಬಿನಲ್ಲಿ ಸದಾ ಒಂದು ಕೊಕ್ಕೆ ತಕ್ಕಡಿ. ನಂಬರ್ ಬರುತ್ತದಲ್ಲ, ಆ ಡಿಜಿಟಲ್ ಥರದ್ದು.

ಅಂಗಡಿಯವನು ಎರಡು ಕೋವಿ ತಂದು ಮೇಜಿನ ಮೇಲಿಟ್ಟ. ಒಂದು ನಮ್ಮ ದೇಶದ್ದೇ, ಹೊಸದು, ತೊಂಬತ್ತು ಸಾವಿರ. ಇನ್ನೊಂದು ಯಾರೋ ದೊಡ್ಡವರ ಮನೆಯಿಂದ ಬಂದ ಹಳೇ ಜರ್ಮನ್ ಕೋವಿ, ಮೂರು ಲಕ್ಷ. ನಾನು ನಳಿಗೆಯೊಳಗೆ ಇಣುಕಿ ತಿಳಿದವನ ಹಾಗೆ “ಹೂಂ” ಅನ್ನುತ್ತಿದ್ದೆ. ಭಾವ ಜೇಬಿಗೆ ಕೈ ಹಾಕಿದರು. ನನಗೆ ಗೊತ್ತಾಯಿತು, ಆದರೆ ತಡವಾಗಿತ್ತು. ಖಾಲಿ ಕೋವಿಯನ್ನು ಬಾಳೆಗೊನೆಯಂತೆ ಎತ್ತಿ, ಸಿಕ್ಕಿದ ಕಡೆ ಕೊಕ್ಕೆ ಹಾಕಿಬಿಟ್ಟರು. ಸಿಕ್ಕಿದ್ದು ಕುದುರೆ, ಅಂದರೆ ಟ್ರಿಗರ್.

‘ಟಕ್’ ಅಂತ ಸದ್ದಾಯಿತು.

ಅಂಗಡಿಯವನು ಬೈಯುತ್ತಾನೆ ಅಂದುಕೊಂಡೆ. ಅವನೋ ಕುರ್ಚಿಯಿಂದ ಎದ್ದು ನಿಂತ. “ಟ್ರಿಗರ್ ಪುಲ್ ಚೆಕ್ ಮಾಡ್ತಿದ್ದೀರಾ ಸಾರ್?”

ಯಾರಾದರೂ ಮರ್ಯಾದೆ ಕೊಟ್ಟರೆ ಬೇಡ ಅನ್ನುವ ಅಭ್ಯಾಸ ನಮ್ಮ ಭಾವನಿಗಿಲ್ಲ. “ಮತ್ತೆ? ನೋಡ್ದೆ ತಗೊಳಕಾಯ್ತದಾ?” ಅಂದರು.

ನಿಜಕ್ಕೂ ಕುದುರೆ ಎಷ್ಟು ಎಳೆತಕ್ಕೆ ಬಿಡುತ್ತದೆ ಅಂತ ಹೀಗೇ ಕೊಕ್ಕೆ ಹಾಕಿ ತೂಗುತ್ತಾರೆ. ಎಳೆತ ಬಿಗಿಯಾದಷ್ಟೂ ಬೆರಳಿನ ಜಗ್ಗಾಟಕ್ಕೆ ನಳಿಗೆ ಅಲುಗುತ್ತದೆ, ಗುರಿ ತಪ್ಪುತ್ತದೆ. ಹೊಸ ಕೋವಿಯದು ಎರಡು ಕೆಜಿ ಮುನ್ನೂರು ಗ್ರಾಂ ತೋರಿಸಿತು. “ಜಾಸ್ತಿ ಆಯ್ತು,” ಅಂದರು ಭಾವ, ಬೆಲ್ಲದಲ್ಲಿ ಪಸೆ ಇದೆ ಅನ್ನುವ ದನಿಯಲ್ಲಿ. ಜರ್ಮನ್ನಿನದು ಇನ್ನೂರು ಗ್ರಾಮೂ ಇರಲಿಲ್ಲ. “ಇದ್ಯಾಕೆ ಇಷ್ಟ್ ಸಡ್ಲ?”

“ಕರೆಕ್ಟಾಗಿ ಹಿಡಿದ್ರಿ ಸಾರ್, ಅದು ಮ್ಯಾಚ್ ಟ್ರಿಗರ್, ಸ್ಪರ್ಧೆಗೆ ಅಂತ ಮಾಡಿದ್ದು. ತಾವು ಕೋಚಾ?”

“ಮೂವತ್ತು ವರ್ಷದಿಂದ ಇದೇ ಕೆಲ್ಸ.”

ಆಮೇಲೆ ಅವನು ನನ್ನ ಮುಖ ನೋಡಲಿಲ್ಲ. ಭಾವನಿಗೆ ಕಾಫಿ ಬಂತು, ಲೈಸೆನ್ಸ್ ಇದ್ದವನಿಗೆ ನೀರು. ಭಾವ ಎರಡನ್ನೂ ಸರಿಯಾಗಿ ತೂಗಿದರು: ಒಂದು ಮೂರು ಕೆಜಿ, ಇನ್ನೊಂದು ಐದು. “ಇದು ಕೆಜಿಗೆ ಮೂವತ್ತು ಸಾವ್ರ, ಅದು ಅರವತ್ತು. ಎರಡರಷ್ಟು ರೇಟು. ಗುರಿನೂ ಎರಡರಷ್ಟು ನೆಟ್ಟಗಿರ್ತದಾ?”

ನಾಲ್ಕು ತಿಂಗಳಿಂದ ನಾನು ಓದಿದ್ದೆಲ್ಲ ಈ ಒಂದು ಪ್ರಶ್ನೆಗೆ ಉತ್ತರ ಹುಡುಕಲು! ಇರುವುದಿಲ್ಲ ಅನ್ನುವುದು ಉತ್ತರ. ಮೊದಲ ಲಕ್ಷಕ್ಕೆ ಗುರಿ ಕಾಗದದಲ್ಲಿ ನಿಮ್ಮ ಐದು ಗುಂಡಿನ ತೂತು ತಟ್ಟೆಯಗಲದಿಂದ ನಾಣ್ಯದಗಲಕ್ಕೆ ಬರುತ್ತವೆ. ಆಮೇಲಿನ ಎರಡು ಲಕ್ಷಕ್ಕೆ ನಾಣ್ಯದ ಅಂಚು ಸವೆಯುತ್ತದೆ, ಅಷ್ಟೆ. ಮೇಲೆ ಆ ಜರ್ಮನ್ ಕೋವಿಗೆ ಅಷ್ಟು ರೇಟು ಬಂದಿರುವುದು ಗುರಿಗಾಗಿಯೂ ಅಲ್ಲ. 1980ರ ದಶಕದಿಂದ ನಮ್ಮಂಥವರು ಹೊರದೇಶದಿಂದ ಕೋವಿ ತರಿಸುವ ಹಾಗಿಲ್ಲ, ಹೆಸರು ಮಾಡಿದ ಶೂಟರ್‌ಗಳಿಗೆ ಮಾತ್ರ ಆ ದಾರಿ. ಒಳಗಿರುವ ಹಳೆಯವೇ ಕೈಯಿಂದ ಕೈಗೆ ದುಬಾರಿಯಾಗುತ್ತವೆ. ಅದು ಬಾಗಿಲು ಮುಚ್ಚಿದ್ದರ ಬೆಲೆ. ಇನ್ನು ತೋಟಾದ ಕಥೆಯೇ ಬೇರೆ. ಜಾಸ್ತಿ ವೇಗದ್ದೇ ಒಳ್ಳೆಯದು ಅಂದುಕೊಂಡಿದ್ದೆ. ಅವು ಶಬ್ದಕ್ಕಿಂತ ಜೋರಾಗಿ ಹೊರಟು, ದಾರಿಯಲ್ಲಿ ಶಬ್ದದ ವೇಗಕ್ಕೆ ಇಳಿಯುವಾಗ ಕೊಂಚ ತೊನೆಯುತ್ತವಂತೆ. ಗುರಿ ಅಭ್ಯಾಸಕ್ಕೆ ಮೊದಲಿನಿಂದಲೇ ನಿಧಾನ ಹೋಗುವ ತೋಟಾ ವಾಸಿ.

ಏನೂ ಕೊಳ್ಳದೆ ಹೊರಟೆವು. ದಾರಿಯಲ್ಲಿ ಭಾವ ಇದ್ದಕ್ಕಿದ್ದಂತೆ ಕೇಳಿದರು: “ನಿಮ್ಮಪ್ಪನ ಕೋವಿ ಎಷ್ಟು ತೂಕ ಇತ್ತಯ್ಯ?”

ಅಪ್ಪನದು ಮದ್ದು ತುಂಬುವ ಒಂಟಿ ನಳಿಗೆ, ಬೆಳೆ ಕಾಯುವ ಲೈಸೆನ್ಸಿನದು. ನಡುಮನೆ ಗೋಡೆಯ ಎರಡು ಮೊಳೆಗಳ ಮೇಲೆ ಇರುತ್ತಿತ್ತು. ಎಲೆಕ್ಷನ್ ಬಂತೆಂದರೆ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಸೈಕಲ್ಲಿಗೆ ಕಟ್ಟಿ ಸ್ಟೇಷನ್ನಿಗೆ ಒಪ್ಪಿಸಿ ಬರುತ್ತಿದ್ದರು. ಅಷ್ಟು ದಿನ ಗೋಡೆ ಮೇಲೆ ಕೋವಿಯಾಕಾರದ ಬಿಳಿ ಗುರುತು ಮಾತ್ರ. ಅವರು ತೀರಿಕೊಂಡ ವರ್ಷ ಒಪ್ಪಿಸಿದ್ದನ್ನು ಬಿಡಿಸಿಕೊಂಡು ಬರುವವರು ಯಾರೂ ಇರಲಿಲ್ಲ. ರಸೀದಿ ನನ್ನ ಹತ್ತಿರ ಇದೆ, ಮಡಿಕೆಯಲ್ಲಿ ಹರಿದಿದೆ. ಅದರಲ್ಲಿ ನಂಬರಿದೆ, ತೂಕ ಬರೆದಿಲ್ಲ.

“ಗೊತ್ತಿಲ್ಲ ಭಾವ” ಅಂದೆ. ಶ್ರೀರಂಗಪಟ್ಟಣ ದಾಟುವವರೆಗೂ ಅವರೂ ಮಾತಾಡಲಿಲ್ಲ.

ಹೋದ ಭಾನುವಾರ ಅಭ್ಯಾಸಕ್ಕೆ ಹೋದಾಗ ಅವರೂ ಬಂದಿದ್ದರು. ರೇಂಜಿನ ಹಳೇ ಕೋವಿ, 50 ಮೀಟರ್ ದೂರ. ಅಲ್ಲಿ ಗುರಿ ಕಾಗದದ ನಡುವಿನ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್, ಅಂದರೆ ಅಂಗಿಯ ಗುಂಡಿಯಷ್ಟು. ಮಲಗಿ, ಉಸಿರು ಕಟ್ಟಿ ಐದು ಹೊಡೆದೆ. ನನ್ನ ಕಾಗದದಲ್ಲಿ ನಾಲ್ಕೇ ತೂತು. ಸರಿ, ಕೋವಿಯದೇ ತಪ್ಪು, ಜರ್ಮನ್ನೇ ಕೊಳ್ಳಬೇಕು ಅಂತ ಮನಸ್ಸಿನಲ್ಲೇ ಸಾಲದ ಅರ್ಜಿ ತುಂಬುತ್ತಿದ್ದೆ. ಪಕ್ಕದ ಸಾಲಿನ ಪಿಯುಸಿ ಹುಡುಗಿ ತನ್ನ ಕಾಗದ ಹಿಡಿದು ಬಂದಳು.

“ಅಂಕಲ್, ನಿಮ್ಮದೊಂದು ನನ್ನ ಪೇಪರಲ್ಲಿದೆ.”

ಅವಳ ಐದು ತೂತು ಒಂದರ ಮೈಮೇಲೆ ಒಂದು ಕೂತಿದ್ದವು. ಆರನೆಯದು ದೂರದ ಮೂಲೆಯಲ್ಲಿ ದಾರಿ ತಪ್ಪಿದ ನೆಂಟನಂತೆ ನಿಂತಿತ್ತು. ಕೋಚ್ ಮಾತಾಡದೆ ಬಂದು, ಅದೇ ಹಳೇ ಕೋವಿಯಲ್ಲಿ ಮಲಗಿ ಐದು ಹೊಡೆದು, ಐದರ ಮೇಲೂ ಒಂದು ರೂಪಾಯಿ ನಾಣ್ಯ ಮುಚ್ಚಿ ತೋರಿಸಿ ಹೋದರು. ಸಾಲದ ಅರ್ಜಿ ಅಲ್ಲಿಗೇ ನಿಂತಿತು.

ಭಾವ ಹುಡುಗಿಯ ಕಾಗದವನ್ನು ಬಿಸಿಲಿಗೆ ಹಿಡಿದು ಎಣಿಸಿದರು. “ಐದಕ್ಕೊಂದು ಕೊಸರು ಹಾಕವ್ನೆ, ಇಟ್ಕೊಳವ್ವ” ಅಂದರು.

ಆಲೆಮನೆಗೆ ಬರುವ ಗಾಡಿಯವರಿಗೆಲ್ಲ ಈ ಕಥೆ ಹೇಳಿದ್ದಾರೆ ಅಂತ ಅಕ್ಕ ಫೋನ್ ಮಾಡಿದ್ದಳು. ಅದು ಮದ್ದೂರು ದಾಟಲಿಕ್ಕಿಲ್ಲ ಅಂದುಕೊಂಡಿದ್ದೆ. ಇವತ್ತು ಕೆರೆ ಏರಿ ಮೇಲೆ ಸಿಕ್ಕ ಮೂರನೆಯವರು ರಿಟೈರ್ಡ್ ಮೇಷ್ಟ್ರು. ನಾಲ್ಕು ವರ್ಷದಿಂದ ಎದುರಾದರೂ ತಲೆಯಾಡಿಸಿದ್ದು ಬಿಟ್ಟರೆ ಒಂದು ಮಾತಾಡಿದವರಲ್ಲ. ಕೋಲು ಊರಿ ನಿಂತು, ಕನ್ನಡಕ ಸರಿಮಾಡಿಕೊಂಡು ಕೇಳಿದರು:

“ಏನ್ ಸಾರ್, ಅಕ್ಕಪಕ್ಕದೋರಿಗೂ ಕೊಸರು ಹಾಕ್ತೀರಂತೆ?”