ಹೊಟ್ಟೆಗೆ ರಾಗಿ ಇದೆ, ನಂಚಿಕೊಳ್ಳೋದಕ್ಕೆ ಏನಿದೆ?

ಕೇರಳದಲ್ಲಿ ಜಮೀನಿನ ಮಾತು ಸೆಂಟ್ ಲೆಕ್ಕದಲ್ಲಿ, ನಮ್ಮ ಕಡೆ ಗುಂಟೆ ಲೆಕ್ಕದಲ್ಲಿ. ಎರಡೂವರೆ ಸೆಂಟ್ ಸೇರಿದರೆ ಒಂದು ಗುಂಟೆ. ನಾನಿರುವ ತ್ರಿಶ್ಶೂರಿನ ಸುತ್ತ 20 ಸೆಂಟ್, ಅಂದರೆ 8 ಗುಂಟೆ ಇದ್ದರೆ ‘ಪರಂಬು’ (ಮನೆ ಸುತ್ತಲ ತೋಟ) ಇದೆ ಅಂತ ಧಾರಾಳವಾಗಿ ಹೇಳಿಕೊಳ್ಳಬಹುದು. ತುಮಕೂರು ಕಡೆ 8 ಗುಂಟೆಯನ್ನು ಯಾರೂ ಜಮೀನು ಅಂತ ಲೆಕ್ಕಕ್ಕೇ ಹಿಡಿಯೋದಿಲ್ಲ. ಆದರೂ ಆ 8 ಗುಂಟೆಯ ಮನೆಯಲ್ಲಿ ಪಲ್ಯಕ್ಕೆ ಏನಾದರೊಂದು ಹಿತ್ತಲಲ್ಲೇ ಸಿಗುತ್ತದೆ. ಎರಡೆಕರೆ ಹೊಲ ಇರುವ ನಮ್ಮ ಮನೆಗಳಿಗೆ ಸೊಪ್ಪು ಸಂತೆಯಿಂದ ಬರುತ್ತದೆ.

ಇದನ್ನು ಕೇರಳದ ಗುಣಗಾನ ಅಂದುಕೊಳ್ಳಬೇಡಿ. ಇಲ್ಲಿನವರು ಉಣ್ಣುವ ಅಕ್ಕಿ ಬಹುಪಾಲು ಹೊರಗಿನದು. ಓಣಂ ಬಂತೆಂದರೆ ತರಕಾರಿ, ಚೆಂಡುಹೂವು ಗುಂಡ್ಲುಪೇಟೆಯಿಂದ ಲಾರಿ ಹತ್ತಿ ಬರಬೇಕು. ಅವರು ಹೊಟ್ಟೆ ತುಂಬಿಸುವುದನ್ನು ಕೊಳ್ಳುತ್ತಾರೆ, ನಾವು ನಂಚಿಕೊಳ್ಳುವುದನ್ನು ಕೊಳ್ಳುತ್ತೇವೆ.

ಮಳೆಯ ವ್ಯತ್ಯಾಸ ಇದ್ದೇ ಇದೆ: ಇಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್, ತುಮಕೂರು ಕಡೆ 600–700. ಆದರೆ ಎಲ್ಲವನ್ನೂ ಮಳೆಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಇನ್ನೊಂದು ಕಾರಣ ದೂರ. ಇಲ್ಲಿ ಮನೆ ತೋಟದ ನಡುವೆಯೇ ಇರುತ್ತದೆ. 1970ರ ಜನವರಿಯಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ, ಬೇರೆಯವರ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದವರಿಗೂ ಪಂಚಾಯತ್ ಪ್ರದೇಶದಲ್ಲಿ 10 ಸೆಂಟ್‌ವರೆಗೆ ಕೊಳ್ಳುವ ಹಕ್ಕು ಕೊಟ್ಟಿತು; ಬಡವರ ಮನೆಗೂ ಒಂದು ಹಿತ್ತಲು ಬಂತು. ನಮ್ಮ ಬಯಲುಸೀಮೆಯಲ್ಲಿ ಊರು ಒಂದು ಕಡೆ, ಹೊಲ ಮೈಲಿ ದೂರ. ಮಲೆನಾಡು, ಕರಾವಳಿಯವರಿಗೆ ಈ ಮಾತು ಅನ್ವಯಿಸದು, ಅವರದು ಹೆಚ್ಚುಕಡಿಮೆ ಇಲ್ಲಿನ ಕ್ರಮವೇ.

ಇದರಿಂದ ಮನೆಯೊಳಗಿನ ಕೆಲಸದ ಹಂಚಿಕೆಯೇ ಬೇರೆಯಾಗುತ್ತದೆ. ಇಲ್ಲಿ ಎಪ್ಪತ್ತು ದಾಟಿದ ಅಮ್ಮಮ್ಮ ಕತ್ತಿ ಹಿಡಿದು ಕೆಸುವಿನ ಬುಡ ಸವರುತ್ತಿರುತ್ತಾರೆ, ಯಾಕೆಂದರೆ ಅದು ಅಡುಗೆಮನೆಯಿಂದ ಇಪ್ಪತ್ತು ಹೆಜ್ಜೆ. ನಮ್ಮಲ್ಲಿ ಅಜ್ಜಿಗೆ ಹೊಲದವರೆಗೆ ನಡೆಯಲು ಆಗದಿದ್ದ ದಿನವೇ ಬೇಸಾಯ ಮುಗಿಯುತ್ತದೆ, ಯಾವ ಬೀಜ ಎಷ್ಟು ಒಣಗಿಸಬೇಕೆಂಬ ತಿಳಿವಳಿಕೆಯೂ ಜಗುಲಿ ಮೇಲೆ ಕೂರುತ್ತದೆ.

ನಮ್ಮ ಹಿರಿಯರು ಈ ದೂರಕ್ಕೆ ಕಂಡುಕೊಂಡ ಉಪಾಯವೇ ಅಕ್ಕಡಿ ಸಾಲು. ಎಕರೆಗೆ ನಾಲ್ಕೈದು ಕಿಲೋ ರಾಗಿ, ಸಾಲಿನಿಂದ ಸಾಲಿಗೆ ಒಂದಡಿ, ಎಂಟು ಸಾಲಿಗೊಂದು ಅವರೆ ಸಾಲು ಅಥವಾ ಎರಡು ತೊಗರಿ ಸಾಲು. ಅಂಚಿಗೆ ಹುಚ್ಚೆಳ್ಳು, ಹರಳು, ನಡುವೆ ಒಂದಿಷ್ಟು ಅಲಸಂದೆ, ಸಾಸಿವೆ. ಒಂದೇ ಬಿತ್ತನೆಯಲ್ಲಿ ಮುದ್ದೆ, ಸಾರು, ಒಗ್ಗರಣೆ, ದೀಪದೆಣ್ಣೆ. ನವೆಂಬರಿನಲ್ಲಿ ರಾಗಿ ಕೊಯ್ದ ಮೇಲೆ ಅವರೆಗೆ ಬಿಸಿಲು, ಜಾಗ ಎರಡೂ ಸಿಕ್ಕಿ ಹರಡಿಕೊಳ್ಳುತ್ತದೆ. ಹಳೇ ಸೊಗಡವರೆ ಹಗಲು ಮೋಟಾಗುವವರೆಗೆ ಹೂ ಬಿಡುವುದಿಲ್ಲ, ಅದಕ್ಕೇ ಅದು ರಾಗಿಯ ದಾರಿಗೆ ಅಡ್ಡ ಬರುತ್ತಿರಲಿಲ್ಲ.

ಇದು ಕಳೆದುಹೋಗಿದ್ದಕ್ಕೆ ಎರಡು ಕಾರಣ ಸ್ಪಷ್ಟ. ರಾಗಿಯ ಕಳೆಗೆ ಹೊಡೆಯುವ 2,4-ಡಿ ಅಗಲ ಎಲೆಯದನ್ನೆಲ್ಲ ಕೊಲ್ಲುತ್ತದೆ, ಅದಕ್ಕೆ ಅವರೆಯೂ ಕಳೆಯೇ. ಕೊಯ್ಲಿನ ಯಂತ್ರ ಇಳಿದರೆ ಎಳೇ ತೊಗರಿ ರಾಗಿ ಜೊತೆಗೇ ಕತ್ತರಿಸಿ ಹೋಗುತ್ತದೆ. ಅಕ್ಕಡಿ ಬೇಕಿದ್ದರೆ ಕುಂಟೆ ಮತ್ತು ಕುಡುಗೋಲು ಬೇಕು, ಅಂದರೆ ಆಳು ಬೇಕು. ಆಳು ಸಿಗದ ಊರಿನಲ್ಲಿ ‘ಅಕ್ಕಡಿ ಉಳಿಸಿ’ ಅಂತ ಭಾಷಣ ಮಾಡಿ ಉಪಯೋಗವಿಲ್ಲ. ಅಕ್ಕಡಿಗೆ ಅರ್ಧ ಎಕರೆಯನ್ನಷ್ಟೇ ಬೇರೆ ಇಟ್ಟು, ಅಲ್ಲಿಗೆ ಔಷಧಿ, ಯಂತ್ರ ಎರಡೂ ಇಳಿಸದಿರುವುದೇ ನನ್ನ ಪ್ರಕಾರ ಆಗುವ ಮಾತು.

ಇಲ್ಲಿನವರಿಂದ ಕಲಿಯಬೇಕಾದ್ದು ದಾಸ್ತಾನಿನ ರೀತಿ. ನಾವು ಕಾಳನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ ಇಡುತ್ತಿದ್ದೆವು, ಇವರು ಗೆಡ್ಡೆಯನ್ನು ಬೆಳೆದ ಜಾಗದಲ್ಲೇ ಬಿಡುತ್ತಾರೆ. ಸುವರ್ಣಗೆಡ್ಡೆಯನ್ನೇ ನೋಡಿ. ಕುಂಭಮಾಸದಲ್ಲಿ, ಅಂದರೆ ಫೆಬ್ರವರಿ ನಡುವಿನಿಂದ ಮಾರ್ಚ್ ನಡುವಿನೊಳಗೆ, ಎರಡಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ. ಗುಂಡಿಯಿಂದ ಗುಂಡಿಗೆ ಮೂರಡಿ. ಮುಕ್ಕಾಲರಿಂದ ಒಂದು ಕಿಲೋ ತೂಕದ ಹೋಳು, ಪ್ರತಿ ಹೋಳಿಗೂ ನಡುವಿನ ಮೊಳಕೆಯ ಒಂದು ಪಾಲು ಬರುವಂತೆ ಕೊಯ್ಯಬೇಕು. ಸಗಣಿ ಬಗ್ಗಡದಲ್ಲಿ ಅದ್ದಿ, ನೆರಳಲ್ಲಿ ಆರಿಸಿ, ಎರಡು ಕಿಲೋ ಗೊಬ್ಬರದ ಜೊತೆ ಹೂತು, ಮೇಲೆ ತರಗೆಲೆ ದಪ್ಪಗೆ ಮುಚ್ಚಬೇಕು. ಮೊಳಕೆಯ ಪಾಲಿಲ್ಲದ ಹೋಳು ಎಷ್ಟೋ ಸಲ ಮಣ್ಣಲ್ಲೇ ಕೊಳೆಯುತ್ತದೆ. ತರಗೆಲೆ ಇಲ್ಲದಿದ್ದರೆ ಬೇಸಿಗೆಯ ಕಾವಿಗೆ ಹೋಳು ಸೊರಗುತ್ತದೆ, ನೀರು ನಿಂತರೆ ಬುಡ ಕೊಳೆರೋಗ ಬರುತ್ತದೆ. ಎಂಟೊಂಬತ್ತು ತಿಂಗಳಿಗೆ ಎಲೆ ಹಳದಿಯಾಗಿ ಬಿದ್ದ ಮೇಲೂ ಕೂಡಲೇ ಅಗೆಯಲೇಬೇಕೆಂದಿಲ್ಲ, ಬೇಕಾದಾಗ ಒಂದೊಂದೇ ತೆಗೆಯಬಹುದು. ಬಯಲುಸೀಮೆಯಲ್ಲಿ ಇದನ್ನು ಎಕರೆಗಟ್ಟಲೆ ಹಾಕಿದರೆ ನೀರಿಗೆ ದಾರಿಯಿಲ್ಲ. ಹಿತ್ತಲ ಹಲಸಿನ ಮರದ ತೆಳು ನೆರಳಲ್ಲಿ ಹತ್ತು ಗುಂಡಿ ಹಾಕುವುದಕ್ಕೆ ಯಾರ ಅಡ್ಡಿ?

ನೀರೆಲ್ಲಿ ಅಂತ ಕೇಳುವುದು ನ್ಯಾಯವೇ. ನಾಲ್ಕು ಜನರ ಮನೆಯಲ್ಲಿ ಸ್ನಾನಕ್ಕೆ ತಲಾ 20 ಲೀಟರ್, ಪಾತ್ರೆ ತೊಳೆಯಲು ಇನ್ನೊಂದು 40 ಅಂದರೂ ದಿನಕ್ಕೆ 120 ಲೀಟರ್ ಚರಂಡಿಗೆ ಹೋಗುತ್ತಿದೆ. ಬಚ್ಚಲ ನೀರು ಬೀಳುವ ಕಡೆ ಆರಡಿ ಅಗಲ, ಎರಡಡಿ ಆಳದ ಗುಂಡಿ ತೋಡಿ, ತಳಕ್ಕೆ ತೆಂಗಿನ ಮಟ್ಟೆ, ಮೇಲೆ ಕಡ್ಡಿ-ಕಸ ತುಂಬಿ, ಅಂಚಿನ ಏರಿ ಮೇಲೆ ನಾಲ್ಕು ಬಾಳೆ ನೆಡಿ. ಕಸ ಕುಸಿದಂತೆ ಮತ್ತೆ ತುಂಬುತ್ತಿರಬೇಕು, ನೀರು ಕಣ್ಣಿಗೆ ಕಂಡರೆ ಸೊಳ್ಳೆ ಬಂತೆಂದೇ ಅರ್ಥ. ಬಟ್ಟೆ ಒಗೆದ ಸೋಡಾ ನೀರನ್ನು ಇದಕ್ಕೆ ಬಿಡಬೇಡಿ, ಮಣ್ಣು ಸವುಳಾಗಿ ಎಲೆ ಅಂಚು ಸುಡುತ್ತದೆ. ಸೊಪ್ಪಿನ ಮಡಿಗೆ ಅಕ್ಕಿ, ತರಕಾರಿ ತೊಳೆದ ನೀರೇ ಆಗಬೇಕು, ಸೋಪಿನ ನೀರು ಬೇಡ.

ಬೇಲಿಗೆ ಚಕ್ರಮುನಿ ಸೊಪ್ಪು ಒಳ್ಳೆಯದು. ಒಂದು ಗೇಣು ಉದ್ದದ ಕಡ್ಡಿಯನ್ನು ಒಂದಡಿಗೊಂದರಂತೆ ನೆಟ್ಟರೆ ಮೂರು ನಾಲ್ಕು ತಿಂಗಳಲ್ಲಿ ಚಿಗುರು ಚಿವುಟಬಹುದು. ಬೇಯಿಸಿಯೇ ತಿನ್ನಿ, ಹಸಿ ರಸ ಮಾಡಿ ದಿನಾ ಕುಡಿಯುವ ಹುಚ್ಚು ಶ್ವಾಸಕೋಶಕ್ಕೆ ಅಪಾಯ. ನುಗ್ಗೆಯನ್ನು ಮಾತ್ರ ಗೋಡೆಗೆ ತಾಗಿಸಿ ಹಾಕಬೇಡಿ. ಮಳೆಗಾಲದಲ್ಲಿ ಕಂಬಳಿಹುಳ ಕಾಂಡದ ಮೇಲೆ ಮುದ್ದೆಗಟ್ಟಿ ಕೂತು, ಅಲ್ಲಿಂದ ಚಾವಣಿಗೆ, ಹಾಸಿಗೆಗೆ ಇಳಿಯುತ್ತದೆ. ಮನೆಯಿಂದ ಹದಿನೈದು ಇಪ್ಪತ್ತು ಅಡಿ ಬಿಟ್ಟು ನೆಟ್ಟು, ಹುಳ ಗುಂಪಾಗಿರುವಾಗಲೇ ಉದ್ದ ಕೋಲಿಗೆ ಬಟ್ಟೆ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ, ಉರಿಯನ್ನು ಕಾಂಡದ ಮೇಲೆ ಬೇಗ ಬೇಗ ಆಡಿಸಿ ತೆಗೆಯಬೇಕು. ಒಂದೇ ಕಡೆ ಹಿಡಿದರೆ ತೊಗಟೆ ಬೆಂದು ಮರವೇ ಹೋದೀತು.