‘ಆರಾಮಾಗಿ ಮಲಗಿದಾರೆ ಮೇಡಂ’

ಈ ಮಾತು ನೆನೆಸಿಕೊಂಡ್ರೆ ಈಗ್ಲೂ ಮೈ ಉರಿಯುತ್ತೆ. ವಾರ್ಡಲ್ಲೇ ಕೂದಲು ನೆರೆಸಿಕೊಂಡವಳು ನಾನು, ನಿಮಗೆ ಗೊತ್ತಲ್ಲ, ಸುಮ್ಮಸುಮ್ಮನೆ ಗಾಬರಿ ಬೀಳೋ ಪೈಕಿ ಅಲ್ಲ.

ನಮ್ಮ ಚಿಕ್ಕಮ್ಮ ಇರೋ ವೃದ್ಧಾಶ್ರಮದಲ್ಲಿ (ಹೆಸರು ಬೇಡ, ತಿಂಗಳ ಫೀಸು ಕೇಳಿದ್ರೆ ರೆಸಾರ್ಟ್ ಅಂದ್ಕೋತೀರಿ) ಮೊನ್ನೆ ರಾತ್ರಿ ಊಟ ಆದ್ಮೇಲೆ ಪಕ್ಕದ ಮಂಚದವರ ಗ್ಲಿಮೆಪಿರೈಡ್ ಅನ್ನೋ ಶುಗರ್ ಇಳಿಸೋ ಮಾತ್ರೆ ಇವರ ಬಾಯಿಗೆ ಹೋಯ್ತು. ಇವರಿಗೆ ಸಕ್ಕರೆ ಕಾಯಿಲೆಯೇ ಇಲ್ಲ! ತಪ್ಪು ಗೊತ್ತಾದ ತಕ್ಷಣ ಮಾತ್ರೆ ಕೊಟ್ಟ ಹುಡುಗಿ ಮುಚ್ಚಿಡದೆ ಹೇಳಿದ್ಲು, ಅದಕ್ಕೆ ಅವಳಿಗೆ ಕೈ ಮುಗಿತೀನಿ. ಆಮೇಲೆ ಮೇಲಿನವರು ಮಾಡಿಸಿದ್ದೇನು? ಬೆರಳು ಚುಚ್ಚಿ ಒಂದೇ ಸಲ ಶುಗರ್ ನೋಡಿದ್ರು, 104. ಎರಡು ಮಾರಿ ಬಿಸ್ಕತ್ತು ಕೊಟ್ರು. ಚಾರ್ಟಲ್ಲಿ ‘ಅಬ್ಸರ್ವೇಶನ್’ ಅಂತ ಬರೆದು ಲೈಟ್ ಆರಿಸಿದ್ರು. ಕತ್ತಲಲ್ಲಿ ಏನು ನೋಡಿದ್ರೋ ದೇವರಿಗೇ ಗೊತ್ತು. ನಾನು ಫೋನ್ ಮಾಡಿದ್ರೆ ಅದೇ ಉತ್ತರ, ಆರಾಮಾಗಿ ಮಲಗಿದಾರೆ.

ಅಲ್ರೀ, ಶುಗರ್ ಇಳಿದವರೂ ಹಾಗೇ ಮಲಗಿರ್ತಾರೆ! ಕಿಡ್ನಿ ಸೋತ ವಯಸ್ಸಾದವರಲ್ಲಿ ಆ ಮಾತ್ರೆ ಒಂದಿಡೀ ದಿನ, ಕೆಲವು ಸಲ ಅದಕ್ಕೂ ಹೆಚ್ಚು ಕಾಡುತ್ತೆ. ಸಕ್ಕರೆ ಕೊಟ್ಟು ಏರಿಸಿದ್ರೂ ಮತ್ತೆ ಇಳಿಯುತ್ತೆ. ಅದರ ಮೇಲೆ ಚಿಕ್ಕಮ್ಮ ಬಿಪಿಗೆ ಅಟೆನಲಾಲ್ ತಗೋತಾರೆ. ಅದು ಶುಗರ್ ಇಳಿದಾಗ ಬರೋ ಕೈನಡುಕ, ಎದೆ ಹೊಡ್ಕೊಳ್ಳೋದು ಎರಡನ್ನೂ ಮರೆಮಾಡುತ್ತೆ, ಬೆವರನ್ನ ಬಿಟ್ಟು. ನಾನು ಹೋದಾಗ ಫ್ಯಾನ್ ಜೋರಾಗಿ ತಿರುಗ್ತಿದೆ, ನೈಟಿ ಕತ್ತಿನ ಹತ್ರ ತೊಪ್ಪೆ. ಎಬ್ಬಿಸಿದ್ರೆ ನನ್ನನ್ನ ತೀರಿಹೋದ ನಮ್ಮಮ್ಮನ ಹೆಸರು ಹಿಡಿದು ಕರೆದ್ರು. ‘ವಯಸ್ಸಾಯ್ತಲ್ಲ, ನಿದ್ದೆಗಣ್ಣು’ ಅಂದಳು ಸೂಪರ್‌ವೈಸರ್. ಚುಚ್ಚಿ ನೋಡಿದ್ರೆ 52.

ಪುಣ್ಯಕ್ಕೆ ನುಂಗೋಷ್ಟು ಎಚ್ಚರ ಇತ್ತು. ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಸಾಗಿಸಿದ್ವಿ. ಅಲ್ಲಿ ಡ್ರಿಪ್ ಹಾಕಿ ಗಂಟೆಗಂಟೆಗೂ ಶುಗರ್ ನೋಡಿದ್ರು. ನಿಗಾ ಅಂದ್ರೆ ಅದು.

ಎಲ್ಲ ಮಾತ್ರೆಗೂ ಒಂದೇ ಲೆಕ್ಕ ನಡೆಯಲ್ಲ ಬೇರೆ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ವಾರ್ಫರಿನ್ ಹೆಚ್ಚಾದ್ರೆ ಆ ರಾತ್ರಿ ಏನೂ ಕಾಣಲ್ಲ. ಎರಡು ಮೂರು ದಿನ ಬಿಟ್ಟು ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋ ಲೆಕ್ಕ) ಏರುತ್ತೆ, ಹಲ್ಲುಜ್ಜುವಾಗ ರಕ್ತ ಬರುತ್ತೆ. ಅಷ್ಟರಲ್ಲಿ ಇವರ ‘ಅಬ್ಸರ್ವೇಶನ್’ ಮುಗಿದಿರುತ್ತೆ.

‘ರಾತ್ರಿ ಪಾಳಿಗೆ ಒಬ್ಬಳೇ ಹುಡುಗಿ, ಪಾಪ ಏನು ಮಾಡ್ತಾಳೆ’ ಅಂತ ಕಾಮೆಂಟ್ ಹಾಕೋರು ಸ್ವಲ್ಪ ತಡೀರಿ. ಒಬ್ಬಳನ್ನೇ ಇಟ್ಟೋರು ಯಾರು? ಎಬ್ಬಿಸಿ ನೋಡೋಕೆ ಜನ ಇಲ್ಲ ಅಂದ್ರೆ ಆಗಲೇ ಆಸ್ಪತ್ರೆಗೆ ಕಳಿಸಬೇಕಿತ್ತು. ರಿಸೆಪ್ಷನ್ನಿನ ಮೀನಿನ ತೊಟ್ಟಿ ನೋಡಿಕೊಳ್ಳೋಕೆ ಮಾತ್ರ ಬೇರೆಯೇ ಆಳಿದಾನೆ, ಕಣ್ಣಾರೆ ನೋಡಿದೀನಿ.

ನಿನ್ನೆ ಚಾರ್ಟ್ ಕೇಳಿ ಈಸ್ಕೊಂಡೆ. ಬೆಳಗಿನ ಜಾವ ನಾಲ್ಕು, ಐದು, ಆರು, ಮೂರೂ ಹೊತ್ತಿಗೂ ‘ಸ್ಟೇಬಲ್’ ಅಂತ ಒಂದೇ ಪೆನ್ನಿನಲ್ಲಿ ತುಂಬಿದಾರೆ. ಚಿಕ್ಕಮ್ಮ ಎರಡು ಗಂಟೆಗೇ ಆಸ್ಪತ್ರೆಯಲ್ಲಿದ್ರು.