ಗ್ರೀನ್‌ಬೆಲ್ಟ್ ಉಳಿದದ್ದು ಪ್ರತಿಭಟನೆಯೊಂದರಿಂದಲೇ ಅಲ್ಲ

ಕೆನಡಾದ ಒಂಟಾರಿಯೊ ಪ್ರಾಂತ್ಯದ ಗ್ರೀನ್‌ಬೆಲ್ಟ್, ಅಂದರೆ ಕಟ್ಟಡಗಳು ಏಳದಂತೆ ಕಾಯ್ದಿರಿಸಿದ ಹೊಲ, ಕಾಡುಗಳ ವಲಯ, ಜನರ ಪ್ರತಿಭಟನೆಯಿಂದಲೇ ಉಳಿಯಿತು ಎಂದು ಆ ಹೋರಾಟದ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಇದನ್ನು ಪೂರ್ತಿ ಒಪ್ಪಲಾರೆ. 2022ರ ಕೊನೆಯಲ್ಲಿ ಸುಮಾರು 7,400 ಎಕರೆಯನ್ನು ಸಂರಕ್ಷಿತ ವಲಯದಿಂದ ಕೈಬಿಡುವ ಪ್ರಸ್ತಾವಕ್ಕೆ 35 ಸಾವಿರಕ್ಕೂ ಹೆಚ್ಚು ಅಭಿಪ್ರಾಯಗಳು ಬಂದಿದ್ದವು, ಬಹುಪಾಲು ವಿರೋಧವೇ. ಪ್ರಾಂತ್ಯದ ಪ್ರೀಮಿಯರ್ (ನಮ್ಮಲ್ಲಿನ ಮುಖ್ಯಮಂತ್ರಿಯಂತೆ) ಡಗ್ ಫೋರ್ಡ್ ಅವರ ಸರ್ಕಾರ ಅವನ್ನು ಕಡತಕ್ಕೆ ಸೇರಿಸಿ, ಅಂದುಕೊಂಡಿದ್ದನ್ನೇ ಮಾಡಿತು.

ಸರ್ಕಾರ ಬೆವರಿದ್ದು 2023ರ ಆಗಸ್ಟ್‌ನಲ್ಲಿ, ಪ್ರಾಂತ್ಯದ ಮಹಾಲೆಕ್ಕಪರಿಶೋಧಕರ ವರದಿ ಹೊರಬಿದ್ದಾಗ. ಜಮೀನಿನ ಆಯ್ಕೆ ಕೆಲವೇ ಬಿಲ್ಡರ್‌ಗಳಿಗೆ ಅನುಕೂಲವಾಗುವಂತೆ ನಡೆದಿದೆ, ಆ ಭೂಮಿಯ ಮೌಲ್ಯ 8.3 ಶತಕೋಟಿ ಡಾಲರ್‌ಗಿಂತ ಹೆಚ್ಚು ಏರಬಹುದು ಎಂದು ಅದರಲ್ಲಿತ್ತು. ವಸತಿ ಸಚಿವರು ರಾಜೀನಾಮೆ ಕೊಟ್ಟರು. ಸೆಪ್ಟೆಂಬರ್ 21ರಂದು ಫೋರ್ಡ್ ಕ್ಷಮೆ ಕೇಳಿ ನಿರ್ಧಾರವನ್ನು ಹಿಂಪಡೆದರು. ಹಾಗೆಂದು ಜನರ ಪಾತ್ರ ಸಣ್ಣದಲ್ಲ. ಮನೆಗಳ ಮುಂದಿನ ಹುಲ್ಲುಹಾಸಿನಲ್ಲಿ ‘ಗ್ರೀನ್‌ಬೆಲ್ಟ್ ಮುಟ್ಟಬೇಡಿ’ ಎಂಬ ಫಲಕಗಳು ನಿಂತೇ ಇದ್ದವು, ರೈತ ಸಂಘಟನೆಗಳೂ ದನಿ ಎತ್ತಿದ್ದವು. ಅದರಿಂದಲೇ ಆ ವರದಿ ಮೂಲೆಗೆ ಬೀಳಲಿಲ್ಲ. ದಾಖಲೆ ಮತ್ತು ಜನ, ಎರಡೂ ಬೇಕಾದವು.

‘ಮತದಾರರು ಪಾಠ ಕಲಿಸಿದರು’ ಎಂಬ ಲೇಖಕರ ಮಾತಂತೂ ಸತ್ಯಕ್ಕೆ ದೂರ. 2025ರ ಫೆಬ್ರವರಿಯಲ್ಲಿ ಅದೇ ಫೋರ್ಡ್ ಸತತ ಮೂರನೇ ಬಾರಿ ಬಹುಮತ ಗಳಿಸಿದರು. ಪ್ರಚಾರದ ತುಂಬ ಟ್ರಂಪ್ ಸುಂಕದ್ದೇ ಮಾತು. ಜೂನ್‌ನಲ್ಲಿ, ಅಳಿವಿನಂಚಿನ ಜೀವಿಗಳ ರಕ್ಷಣೆಯನ್ನು ಸಡಿಲಿಸುವ ‘ಬಿಲ್ 5’ ಮೂಲನಿವಾಸಿ ಸಮುದಾಯಗಳ ತೀವ್ರ ವಿರೋಧದ ನಡುವೆಯೂ ಅಂಗೀಕಾರವಾಯಿತು. ಗೆದ್ದ ಹೋರಾಟವನ್ನು ಇಷ್ಟು ಹುರುಪಿನಿಂದ ಬರೆದ ಲೇಖಕರು ಇದನ್ನೇಕೆ ಬಿಟ್ಟರು?